ತೊಂಬತ್ತು ಸೆಂಟಿಮೀಟರ್ ದಾರಿ

ಆಸ್ಪತ್ರೆಯಿಂದ ಬಂದ ಕಾಗದದಲ್ಲಿ ಇದ್ದದ್ದು ಆರೇ ಸಾಲು. ಮೇ ಹದಿನಾಲ್ಕರ ಬೆಳಿಗ್ಗೆ ಹತ್ತಕ್ಕೆ ಥೆರಪಿಸ್ಟ್ ಒಬ್ಬರು ಮನೆ ನೋಡಲು ಬರುತ್ತಾರೆ. ಗಾಲಿಕುರ್ಚಿ ಓಡಾಡುವ ಕಡೆಯಲ್ಲೆಲ್ಲ ತೊಂಬತ್ತು ಸೆಂಟಿಮೀಟರ್ ದಾರಿ ಇರಬೇಕು. ಮಲಗುವ ಕೋಣೆ ಕೆಳಗೇ ಇರಬೇಕು. ಮನೆ ಹೊಂದದಿದ್ದರೆ ಐಲಾಳ ಗಂಡ ರೌನೊನನ್ನು ಕುವೊಪಿಯೊ ಊರಿನ ಆರೈಕೆ ಮನೆಗೆ ಕಳಿಸುವ ವಿಚಾರ ಮಾಡಬೇಕಾಗುತ್ತದೆ. ಏನಾದರೂ ಕೇಳುವುದಿದ್ದರೆ ಫೋನ್ ಮಾಡಿ ಎಂದು ಕೊನೆಯಲ್ಲಿ ನಂಬರೂ ಇತ್ತು.

ಐಲಾ ಫೋನ್ ಮಾಡಲಿಲ್ಲ. ನಮ್ಮೂರು ಈಸಲ್ಮಿಯಲ್ಲಿ ಇಂಥದ್ದಕ್ಕೆಲ್ಲ ಯಾರೂ ಫೋನ್ ಮಾಡುವುದಿಲ್ಲ. ಕೇಳಿದರೆ ಎದುರಿನವರ ಹೊತ್ತು ಹಾಳು, ಕೇಳಿದ್ದು ತಪ್ಪಾದರೆ ನಮ್ಮ ಮಾನ ಹಾಳು ಎಂದುಕೊಂಡು ಬೆಳೆದ ಜನ ನಾವು. ಪಕ್ಕದ ಮನೆಗೆ ಬೆಂಕಿ ಬಿದ್ದರೂ, ಅವರು ಬೇಕೆಂದೇ ಸುಡುತ್ತಿದ್ದಾರೇನೋ ಎಂದು ಒಂದು ನಿಮಿಷ ಬೇಲಿಯ ಈಚೆ ನಿಂತು ಯೋಚಿಸುತ್ತೇವೆ. ಐಲಾ ಕಾಗದವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಹೊಲಿಗೆ ಪೆಟ್ಟಿಗೆಯಿಂದ ಟೇಪು ತೆಗೆದುಕೊಂಡು, ಮುಂಬಾಗಿಲಿನಿಂದ ಅಡುಗೆಮನೆಯವರೆಗಿನ ದಾರಿಯನ್ನು ಅಳೆದಳು. ಅತಿ ಅಗಲವಾದ ಕಡೆ ನಲವತ್ತೆಂಟು ಇತ್ತು.

ಆ ನಲವತ್ತೆಂಟರಲ್ಲಿ ಹದಿನೈದು ವರ್ಷದಿಂದ ಗಂಡ ಹೆಂಡತಿ ಇಬ್ಬರೂ ಅಡ್ಡಡ್ಡಲಾಗಿ ನಡೆದಿದ್ದರು. ಎರಡೂ ಕಡೆ ಸೂರಿನವರೆಗೆ ರೌನೊನ ಸಾಮಾನು. ಅವನು ಕೊಳಕು ಮನುಷ್ಯನಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಆ ಮನೆಗೆ ಒಮ್ಮೆ ಹೋಗಿ ಬಂದವರು ಊರೆಲ್ಲ ಏನೇನೋ ಆಡಿಕೊಂಡಿದ್ದಾರೆ. ಮರ ಕೊಯ್ಯುವ ಮಿಲ್ಲಿನಲ್ಲಿ ಮೂವತ್ತೆಂಟು ವರ್ಷ ಯಂತ್ರ ರಿಪೇರಿ ಮಾಡಿದವನು ಅವನು. ಮಿಲ್ಲಿನವರು ಎಸೆದದ್ದು, ನೆರೆಯವರು ಎಸೆದದ್ದು, ರಸ್ತೆಯ ಪಕ್ಕ ಬಿದ್ದದ್ದು ಎಲ್ಲವೂ ಅವನ ಸೈಕಲ್ಲಿನ ಹಿಂದೆ ಕೂತು ಮನೆಗೆ ಬರುತ್ತಿತ್ತು. ಬಂದದ್ದನ್ನು ತೊಳೆದು, ಒರೆಸಿ, ಎಣ್ಣೆ ಹಚ್ಚಿ, ಐಸ್‌ಕ್ರೀಂ ಡಬ್ಬಿಗಳಲ್ಲಿ ಬೇರೆ ಬೇರೆ ತುಂಬಿ ಮೇಲೆ ಚೀಟಿ ಅಂಟಿಸುತ್ತಿದ್ದ. ‘ಬಾಗಿಲಿನ ಕೀಲು, ಜೋಡಿ.’ ‘ಬಾಗಿಲಿನ ಕೀಲು, ಒಂಟಿ.’ ‘ಕೀಲಿಕೈ, ಯಾವುದರದ್ದೋ.’ ಐಲಾ ಗೊಣಗಿದಾಗಲೆಲ್ಲ ಅವನದ್ದು ಒಂದೇ ಉತ್ತರ.

“ಬೇಕಾಗುತ್ತೆ ಕಣೇ.”

“ಯಾವಾಗ?”

“ಅದು ಬೇಕಾದಾಗ ಗೊತ್ತಾಗುತ್ತೆ.”

ಇಡೀ ಮನೆಯಲ್ಲಿ ವಿಂಗಡಿಸದೆ ಉಳಿದದ್ದು ಒಂದೇ ಒಂದು ಡಬ್ಬಿ. ದೊಡ್ಡ ನೀಲಿ ಬಿಸ್ಕತ್ತು ಡಬ್ಬಿ, ತುಂಬ ಸ್ಕ್ರೂ, ನಟ್ಟು, ಬೋಲ್ಟು, ವಾಷರುಗಳು ಕಲಸುಮೇಲೋಗರವಾಗಿ ಬಿದ್ದಿದ್ದವು. ಅದರ ಚೀಟಿಯಲ್ಲಿ ‘ಪುರುಸೊತ್ತಾದಾಗ’ ಎಂದು ಬರೆದಿತ್ತು. ನಿವೃತ್ತನಾದ ಮೇಲೆ ಕೂತು ಮಾಡುತ್ತೇನೆ ಎಂದು ಎತ್ತಿಟ್ಟಿದ್ದ. ನಿವೃತ್ತನಾಗಿ ಮೂರು ವರ್ಷವಾದರೂ ಪುರುಸೊತ್ತು ಸಿಕ್ಕಿರಲಿಲ್ಲ. ಹೊಸ ಸಾಮಾನು ಬರುತ್ತಲೇ ಇತ್ತಲ್ಲ.

ಫೆಬ್ರವರಿ ಕೊನೆಯಲ್ಲಿ ಅಂಗಳದ ಹಿಮ ಎತ್ತುತ್ತಿದ್ದಾಗ ಅವನಿಗೆ ಲಕ್ವ ಹೊಡೆಯಿತು. ಐಲಾ ಶಾಲೆಯ ಅಡುಗೆಮನೆಯ ಕೆಲಸ ಮುಗಿಸಿ ಬಂದಾಗ ಸಲಿಕೆ ಹಿಮದಲ್ಲಿ ನೆಟ್ಟಗೆ ನಿಂತಿತ್ತು, ರೌನೊ ಅದರ ಪಕ್ಕದಲ್ಲಿ ಬಿದ್ದಿದ್ದ. ಬಲಗೈ ಬಲಗಾಲು ಹೋದವು. ಮಾತು ಪೂರ್ತಿ ಹೋಯಿತು. ಎಡಗೈಗೆ ಏನೂ ಆಗಿಲ್ಲ ಎಂದು ಡಾಕ್ಟರು ಹೇಳಿದರು, ಆದರೆ ಆ ಕೈ ಕೂಡ ತೊಡೆಯ ಮೇಲೆ ಸುಮ್ಮನೆ ಬಿದ್ದಿರುತ್ತಿತ್ತು. ಚಮಚ ಕೊಟ್ಟರೆ ಹಿಡಿಯುತ್ತಿರಲಿಲ್ಲ.

ಐಲಾ ಅಳಲಿಲ್ಲ. ಬೆಳಿಗ್ಗೆ ಏಳಕ್ಕೆ ಶಾಲೆಗೆ ಹೋಗಿ ಮುನ್ನೂರು ಮಕ್ಕಳಿಗೆ ಬೇಯಿಸುತ್ತಿದ್ದಳು, ಗುರುವಾರ ಬಟಾಣಿ ಸೂಪು, ಶುಕ್ರವಾರ ಮೀನು. ಮೂರಕ್ಕೆ ಆಸ್ಪತ್ರೆಗೆ ಹೋಗಿ ಗಂಡನ ಪಕ್ಕ ಕೂರುತ್ತಿದ್ದಳು. ಐದಕ್ಕೆ ಮನೆಗೆ ಬರುತ್ತಿದ್ದಳು. ಮಡಿಚಿ ಕೂತ ಕಾಲಿಗೆ ಜೋಮು ಹಿಡಿಯುತ್ತದಲ್ಲ, ಆ ಜೋಮು ಅವಳಿಗೆ ಒಳಗೆಲ್ಲ ಹಿಡಿದಿತ್ತು. ಜನ ಬಂದು ಸಮಾಧಾನ ಹೇಳಿದರೆ ಅವರಿಗೆ ಕಾಫಿ ಕೊಡುತ್ತಿದ್ದಳು. ಅವರು ಹೇಳಿದ್ದರಲ್ಲಿ ಒಂದು ಮಾತೂ ಆಮೇಲೆ ನೆನಪಿರುತ್ತಿರಲಿಲ್ಲ.

ಮನೆ ಖಾಲಿ ಮಾಡುವ ಕೆಲಸ ಅವಳಿಗೆ ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ಕೈಗೆ ಕೆಲಸವಿತ್ತು, ಮನಸ್ಸಿಗೆ ಇರಲಿಲ್ಲ. ಕೈಯಲ್ಲಿ ದುಡ್ಡೂ ಇರಲಿಲ್ಲ, ಹಾಗಾಗಿ ಏನನ್ನೂ ಕೊಳ್ಳದೆ ಮಾಡಬೇಕಿತ್ತು. ಅಂಗಡಿಯ ಹಿತ್ತಿಲಲ್ಲಿ ಪುಕ್ಕಟೆ ಸಿಗುವ ಬಾಳೆಹಣ್ಣಿನ ರಟ್ಟಿನ ಪೆಟ್ಟಿಗೆಗಳನ್ನು ದಿನಕ್ಕೆ ನಾಲ್ಕರಂತೆ ಸೈಕಲ್ಲಿಗೆ ಕಟ್ಟಿ ತಂದಳು. ನಮ್ಮೂರಲ್ಲಿ ಮನೆ ಬದಲಾಯಿಸುವವರು, ಸತ್ತವರ ಮನೆ ಖಾಲಿ ಮಾಡುವವರು, ಗಂಡನನ್ನು ಬಿಟ್ಟು ಹೋಗುವವರು ಎಲ್ಲರ ಸಂಸಾರವೂ ಆ ಪೆಟ್ಟಿಗೆಗಳಲ್ಲೇ ಸಾಗುವುದು. ಬಾಗಿಲ ಕಡೆಯಿಂದ ಶುರುಮಾಡಿ ಒಂದು ಸಂಜೆಗೆ ಒಂದು ಮೀಟರು ಎಂದು ಲೆಕ್ಕ ಇಟ್ಟುಕೊಂಡಳು. ಕೈಗೆ ಬಂದದ್ದನ್ನು ಮೂರು ಗುಂಪು ಮಾಡಿದಳು: ಗುಜರಿಗೆ ಹೋಗುವ ಕಬ್ಬಿಣ, ಕಸದ ಕೇಂದ್ರಕ್ಕೆ ಹೋಗುವುದು, ಮಾರಾಟಕ್ಕೆ ಹೋಗುವುದು. ಇಟ್ಟುಕೊಳ್ಳುವುದು ಎಂಬ ನಾಲ್ಕನೆಯ ಗುಂಪನ್ನು ಅವಳು ಮಾಡಲೇ ಇಲ್ಲ. ಕಾಗದದಲ್ಲಿ ಅದರ ಮಾತಿರಲಿಲ್ಲ.

ಬೇಲಿಯಾಚೆಯ ಸುಲೊ ಕಾರಿಗೆ ಸಿಕ್ಕಿಸುವ ತನ್ನ ಸಣ್ಣ ಗಾಡಿಯನ್ನು ತಂದು ಅಂಗಳದಲ್ಲಿ ನಿಲ್ಲಿಸಿದ. ಎಪ್ಪತ್ತು ದಾಟಿದ ಮನುಷ್ಯ, ಬೇಸಿಗೆ ಚಳಿಗಾಲ ಎನ್ನದೆ ಅದೇ ಬೂದು ಟೊಪ್ಪಿ. ರೌನೊ ಮತ್ತು ಅವನು ಮೂವತ್ತು ವರ್ಷ ಪ್ರತಿ ಶನಿವಾರ ಒಟ್ಟಿಗೆ ಸೌನಾದ ಬಿಸಿ ಹಬೆಯ ಕೋಣೆಯಲ್ಲಿ ಕೂತು, ಬೆವರಿ, ಎದ್ದು ಬಂದವರು. ಅಷ್ಟು ಶನಿವಾರಗಳಲ್ಲಿ ಇಬ್ಬರೂ ಆಡಿದ ಮಾತನ್ನು ಒಂದು ಪೋಸ್ಟ್ ಕಾರ್ಡಿನಲ್ಲಿ ಬರೆಯಬಹುದು.

“ಗಾಡಿ ಇಲ್ಲೇ ಇರುತ್ತೆ,” ಎಂದ ಸುಲೊ. “ಬೇಕಾದ್ರೆ ಬೇಕಾಗಬಹುದು.”

“ಕಸದ ಕೇಂದ್ರಕ್ಕೆ ಎರಡು ಸಲ ಹೊಡೀಬೇಕು. ಆಮೇಲೆ ಹಳೇ ಸಾಮಾನಿನ ಅಂಗಡಿಗೆ.”

“ಅಂಗಡಿಗಾ.”

“ಮೇಜು ಬಾಡಿಗೆಗೆ ಹಿಡಿದಿದೀನಿ. ನಲವತ್ತೇಳನೇ ನಂಬರು. ಮೂರು ವಾರಕ್ಕೆ.”

ಸುಲೊ ಒಂದೊಂದೇ ಪೆಟ್ಟಿಗೆ ಎತ್ತಿ ಗಾಡಿಗೆ ಇಡುವ ಮುಂಚೆ ಒಳಗೆ ಇಣುಕಿ ನೋಡಿದ. ಏನೋ ಹೇಳಲು ಹೊರಟವನ ಹಾಗೆ ಟೊಪ್ಪಿಯನ್ನು ಹಿಂದಕ್ಕೆ ಸರಿಸಿದ. ಆಮೇಲೆ ಮುಂದಕ್ಕೆ ಎಳೆದುಕೊಂಡು ಹಗ್ಗ ಬಿಗಿದ. ಐಲಾ ನೋಡಿದಳು, ಕೇಳಲಿಲ್ಲ.

ಆ ಅಂಗಡಿಯ ಪದ್ಧತಿ ಎಲ್ಲರಿಗೂ ಗೊತ್ತಿರುವುದೇ. ಮೇಜು ನಮ್ಮದು, ಬೆಲೆ ಚೀಟಿ ನಮ್ಮದು, ಮಾರುವವರು ಅವರು. ಯಾರು ಕೊಂಡರು ಎಂದು ಮಾಲಿನವರಿಗೆ ಗೊತ್ತಾಗುವುದಿಲ್ಲ. ಎರಡು ದಿನಕ್ಕೊಮ್ಮೆ ಹೋಗಿ ಮೇಜು ಓರಣ ಮಾಡಿ, ಖಾಲಿಯಾದ ಜಾಗಕ್ಕೆ ಬೇರೆ ಸಾಮಾನು ಇಟ್ಟು ಬರಬೇಕು. ಒಂಟಿ ಕೀಲುಗಳನ್ನು, ಯಾವುದರದ್ದೋ ಕೀಲಿಕೈಗಳನ್ನು ಯಾರು ಮುಟ್ಟುತ್ತಾರೆ ಎಂದುಕೊಂಡೇ ಐಲಾ ಇಟ್ಟಿದ್ದಳು. ಮೂರನೆಯ ದಿನ ಹೋಗಿ ನೋಡಿದರೆ ಮೇಜು ಮುಕ್ಕಾಲು ಖಾಲಿ.

“ನಿನ್ನ ಮೇಜಿನಷ್ಟು ಯಾರದ್ದೂ ಹೋಗ್ತಾ ಇಲ್ಲ ಕಣೇ,” ಎಂದಳು ಅಂಗಡಿಯ ಪಿರ್ಕೊ. “ತುಕ್ಕು ಹಿಡಿದ ಬೀಗಾನೂ ಹೋಯ್ತು. ಜನಕ್ಕೆ ಏನಾಗಿದೆಯೋ ನನಗಂತೂ ತಿಳೀತಿಲ್ಲ.”

“ಹೌದಾ,” ಎಂದಳು ಐಲಾ. ಖಾಲಿ ಜಾಗಕ್ಕೆ ನೀಲಿ ಬಿಸ್ಕತ್ತು ಡಬ್ಬಿಯನ್ನು ಇಟ್ಟು, ಎರಡು ಯೂರೊ ಎಂದು ಚೀಟಿ ಅಂಟಿಸಿ ಬಂದಳು. ಮಾರಿಹೋಗುವುದರಿಂದ ಸಂತೋಷವೂ ಆಗಲಿಲ್ಲ, ದುಃಖವೂ ಆಗಲಿಲ್ಲ. ದಾರಿ ಎಪ್ಪತ್ತು ಸೆಂಟಿಮೀಟರಿಗೆ ಬಂದಿತ್ತು.

ಮೇ ತಿಂಗಳು ಬರುವಷ್ಟರಲ್ಲಿ ಮನೆ ಮನೆಯ ಹಾಗೆ ಕಾಣುತ್ತಿತ್ತು ಎನ್ನುವುದು ಸುಳ್ಳಾಗುತ್ತದೆ, ಬಾಡಿಗೆಗೆ ಇಟ್ಟ ಮನೆಯ ಹಾಗೆ ಕಾಣುತ್ತಿತ್ತು. ರೌನೊನ ಹಲಗೆಗಳಿಂದಲೇ ಗಾಲಿಕುರ್ಚಿಗೆ ಇಳಿಜಾರು ಮಾಡಿಸಿದಳು. ಸುಲೊ ಗರಗಸ ತಂದು ಎಲ್ಲ ಬಾಗಿಲುಗಳ ಹೊಸ್ತಿಲು ಕೊಯ್ದು ತೆಗೆದ. ಮಹಡಿಯ ಮಂಚ ಕೆಳಗೆ ಬಂತು. ಹಾಲಿನ ರಟ್ಟಿನ ಡಬ್ಬಗಳನ್ನು ಅರ್ಧಕ್ಕೆ ಕತ್ತರಿಸಿ, ತೊಳೆದು, ಡ್ರಾಯರಿನಲ್ಲಿ ಸಾಲಾಗಿ ನಿಲ್ಲಿಸಿ, ಒಂದರಲ್ಲಿ ಮಾತ್ರೆ, ಒಂದರಲ್ಲಿ ಕಾಲುಚೀಲ, ಒಂದರಲ್ಲಿ ಕ್ಷೌರದ ಸಾಮಾನು ಇಟ್ಟಳು. ಹಳೆಯ ಹಾಸಿಗೆ ವಸ್ತ್ರವೇ ಕಿಟಕಿ ಪರದೆಯಾಯಿತು. ಕಡೆಗೆ ತಾನೇ ನೇಯ್ದ ಚಿಂದಿಯ ಜಮಖಾನೆಗಳು ಉಳಿದವು. ಗಾಲಿಗೆ ಸಿಕ್ಕಿಕೊಳ್ಳುತ್ತವೆ ಎಂದು ಅವನ್ನೂ ಸುತ್ತಿ ಕಟ್ಟಿ ಮಹಡಿಗೆ ಸಾಗಿಸಿದಳು. ರೌನೊನ ಹಳೆ ಅಂಗಿ, ದೂರದೂರಿನಲ್ಲಿರುವ ಮಗಳ ಚಿಕ್ಕಂದಿನ ಲಂಗ, ಅತ್ತೆಯ ಏಪ್ರನ್ನು ಎಲ್ಲ ಪಟ್ಟಿಪಟ್ಟಿಯಾಗಿ ಅವುಗಳಲ್ಲಿದ್ದವು. ಸುತ್ತುವಾಗ ಅವಳು ಅವನ್ನು ನೋಡಲಿಲ್ಲ, ಹಗ್ಗದ ಗಂಟನ್ನು ಮಾತ್ರ ನೋಡಿದಳು.

ಹದಿನಾಲ್ಕರಂದು ಬಂದ ಥೆರಪಿಸ್ಟ್ ಸಿನಿ ಎಂಬ ಸಣ್ಣ ವಯಸ್ಸಿನ ಹುಡುಗಿ. ಬಾಗಿಲಲ್ಲೇ ಶೂ ಬಿಚ್ಚಿ, ಕಾಲುಚೀಲದಲ್ಲಿ ಒಳಗೆ ಬಂದು, ಮಡಚುವ ಅಳತೆಗೋಲು ಬಿಡಿಸಿ, ಅಡುಗೆಮನೆ, ಕೋಣೆ, ಬಚ್ಚಲು ಎಲ್ಲ ಕಡೆ ಅಳೆದಳು. ಎಲ್ಲ ಕಡೆಯೂ ತೊಂಬತ್ತಕ್ಕಿಂತ ಹೆಚ್ಚಿತ್ತು. ಕೆಲವು ಕಡೆ ಎರಡು ಮೀಟರಿತ್ತು. ಐಲಾ ಹಿಂದಿನ ದಿನ ನೆಲವನ್ನು ಸೋಪು ಹಾಕಿ ಮೂರು ಸಲ ಉಜ್ಜಿದ್ದಳು. ಗೋಡೆಯ ಮೇಲೆ ಮಾತ್ರ ಕಪಾಟುಗಳಿದ್ದ ಜಾಗ ಮಾಸದೆ ಉಳಿದು ಚೌಕ ಚೌಕವಾಗಿ ಕಾಣುತ್ತಿತ್ತು.

“ಇಲ್ಲಿ ಮೊದಲು ಏನಿತ್ತು?” ಎಂದು ಸಿನಿ ಕೇಳಿದಳು.

“ಏನೂ ಇರ್ಲಿಲ್ಲ. ಒಂದೆರಡು ಸಾಮಾನು.”

ಸಿನಿ ಬೆರಳಿಂದ ಗೋಡೆಯ ಮೊಳೆ ತೂತುಗಳನ್ನು ಸವರಿದಳು. “ದಾರಿ ಬೇಕು ಅಂತ ಬರೆದಿದ್ವಿ. ಇಷ್ಟು ಖಾಲಿ ಮಾಡೋದು ಬೇಕಿರ್ಲಿಲ್ಲ. ನೀವು ಒಂದು ಫೋನ್ ಮಾಡಿದ್ರೆ ಹೇಳ್ತಿದ್ದೆ.”

ಐಲಾ ಕಾಫಿ ಬಗ್ಗಿಸಿದಳು. ಏಲಕ್ಕಿ ಬನ್ನಿನ ತಟ್ಟೆಯನ್ನು ಹುಡುಗಿಯ ಕಡೆ ಸರಿಸಿದಳು.

“ಬಾಗಿಲಿನ ಅಳತೆ ಸರಿಯಾಗಿದೆ,” ಎಂದಳು ಸಿನಿ. “ನನಗೆ ಯೋಚನೆ ಬೇರೆಯದು. ವಾರ್ಡಿನಲ್ಲಿ ಅವರು ಎಡಗೈ ಎತ್ತೋದೇ ಇಲ್ಲ. ಇಲ್ಲಿ ಬಂದು ಬೆಳಗಿನಿಂದ ಸಂಜೆವರೆಗೆ ಏನು ಮಾಡ್ತಾರೆ?”

“ಮನೇಲಿರ್ತಾರೆ.”

“ಇದ್ದು?”

ಐಲಾ ಮತ್ತೆ ಕಾಫಿ ಬಗ್ಗಿಸಿದಳು. ಆಗ ಸಿನಿ ಮೆಲ್ಲಗೆ, ಆದರೆ ಸುತ್ತಿಬಳಸದೆ ಹೇಳಿದಳು. ಜೂನ್ ಎರಡಕ್ಕೆ ರೌನೊ ಮನೆಗೆ ಬರಲಿ. ಜೂನ್ ತಿಂಗಳ ನಡುಬೇಸಿಗೆ ಹಬ್ಬ ಕಳೆದ ವಾರ ತಾನು ಮತ್ತೆ ಬರುತ್ತೇನೆ. ಅಷ್ಟರಲ್ಲಿ ಕೈ ಯಾವುದಾದರೂ ಕೆಲಸಕ್ಕೆ ಏಳಬೇಕು. ಗೋಡೆ ನೋಡಿಕೊಂಡು ಕೂತೇ ಇದ್ದರೆ, ದಿನಾ ಕೈ ಹಿಡಿದು ಮಾಡಿಸುವವರು ಇರುವ ಕುವೊಪಿಯೊದ ಆರೈಕೆ ಮನೆಯೇ ಅವನಿಗೆ ಮೇಲು.

ಜೂನ್ ಎರಡಕ್ಕೆ ರೌನೊ ಬಂದ. ಟ್ಯಾಕ್ಸಿಯವನು ಗಾಲಿಕುರ್ಚಿಯನ್ನು ಇಳಿಜಾರಿನ ಮೇಲೆ ತಳ್ಳಿ, ಹೊಸ್ತಿಲಿಲ್ಲದ ಬಾಗಿಲು ದಾಟಿಸಿ, ಅಡುಗೆಮನೆಯ ಮೇಜಿನ ಪಕ್ಕ ನಿಲ್ಲಿಸಿ ಹೋದ. ರೌನೊ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಗೋಡೆಯ ಚೌಕಗಳನ್ನು ಬಹಳ ಹೊತ್ತು ನೋಡಿದ. ಯಾರದೋ ಮನೆಗೆ ಮೊದಲ ಸಲ ಬಂದವರು ಮರ್ಯಾದೆಗೆ ಕೂರುತ್ತಾರಲ್ಲ, ಹಾಗೆ ಕೂತ.

“ಜಾಗ ಮಾಡಿದೀನಿ,” ಎಂದಳು ಐಲಾ. “ಕುರ್ಚಿ ಓಡಾಡಬೇಕಲ್ಲ.”

ಅವನು ಅವಳ ಮುಖ ನೋಡಿದ. ಅವನ ಕಣ್ಣಲ್ಲಿ ಕೋಪವೇನೂ ಕಾಣಲಿಲ್ಲ. ಏನೂ ಕಾಣಲಿಲ್ಲ.

ಐದು ದಿನ ಹಾಗೇ ಹೋಯಿತು. ಶಾಲೆಗೆ ರಜೆ ಬಿದ್ದಿತ್ತು. ಐಲಾ ಉಣಿಸುತ್ತಿದ್ದಳು, ಒರೆಸುತ್ತಿದ್ದಳು, ಕುರ್ಚಿಯನ್ನು ಕಿಟಕಿಯ ಹತ್ತಿರ ತಳ್ಳುತ್ತಿದ್ದಳು. ರೇಡಿಯೋ ಹಾಕಿದರೆ ಅವನು ತಿರುಗುತ್ತಿರಲಿಲ್ಲ. ಚೆಂಡು ಕೊಟ್ಟರೆ ಅದು ಉರುಳಿಕೊಂಡು ಕೆಳಗೆ ಹೋಗುತ್ತಿತ್ತು, ಅಡ್ಡ ಏನೂ ಇಲ್ಲದ್ದರಿಂದ ಬಾಗಿಲವರೆಗೂ ಹೋಗುತ್ತಿತ್ತು. ಇವನು ಇಲ್ಲಿ ಉಳಿಯುವುದಿಲ್ಲ ಎಂದು ಐಲಾಗೆ ಗೊತ್ತಾಗಿಹೋಯಿತು. ತಾನೇ ತೊಳೆದು ಬಳಿದು ಮಾಡಿದ ದಾರಿಯಲ್ಲೇ ಅವನು ವಾಪಸ್ಸು ಹೊರಟುಹೋಗುತ್ತಾನೆ. ಅದು ಗೊತ್ತಾದ ಮೇಲೂ ಅವಳಿಗೆ ಏನೂ ಅನ್ನಿಸಲಿಲ್ಲ, ಪಾತ್ರೆ ತೊಳೆದಳು.

ಆರನೆಯ ದಿನ ಅವನ ಮೂಗು ಒರೆಸುವಾಗ ಕೈ ಕಡೆ ಕಣ್ಣು ಹೋಯಿತು. ತೊಡೆಯ ಮೇಲಿನ ಎಡಗೈಯ ಹೆಬ್ಬೆರಳು ತೋರುಬೆರಳಿನ ಮೇಲೆ ಮೆಲ್ಲಗೆ ಉಜ್ಜುತ್ತಿತ್ತು. ಒಂದು ಸಲ ಮುಂದಕ್ಕೆ, ಒಂದು ಸಲ ಹಿಂದಕ್ಕೆ. ಐಲಾಗೆ ಆ ಉಜ್ಜುವಿಕೆ ಗೊತ್ತಿತ್ತು. ನಟ್ಟನ್ನು ಬೆರಳ ನಡುವೆ ಹೊರಳಿಸಿ, ಕಣ್ಣು ಮುಚ್ಚಿಕೊಂಡೇ ಅದರ ಅಳತೆ ಹೇಳುವಾಗ ಅವನು ಮಾಡುತ್ತಿದ್ದುದು ಅದನ್ನೇ.

ಮನೆಗೆ ಬರುವ ನರ್ಸ್ ಅವನನ್ನು ಸ್ನಾನ ಮಾಡಿಸುವ ಒಂದು ಗಂಟೆಯಲ್ಲಿ ಅವಳು ಸೈಕಲ್ ಹತ್ತಿ ಅಂಗಡಿಗೆ ಹೋದಳು. ನಲವತ್ತೇಳನೇ ಮೇಜಿನ ಮೇಲೆ ಈಗ ಯಾರದೋ ಮಗುವಿನ ಬಟ್ಟೆಗಳಿದ್ದವು.

“ನೀಲಿ ಡಬ್ಬೀನಾ? ಇಟ್ಟ ದಿನವೇ ಹೋಯ್ತಲ್ಲ,” ಎಂದಳು ಪಿರ್ಕೊ. “ಒಬ್ಬ ಮುದುಕ. ನಿನ್ನ ಮೇಜು ಬಿಟ್ಟು ಬೇರೆ ಕಡೆ ತಲೆ ಎತ್ತಿ ನೋಡ್ತಿರ್ಲಿಲ್ಲ. ಬರೋದು, ತಗೊಳ್ಳೋದು, ದುಡ್ಡು ಇಡೋದು, ಹೋಗೋದು. ನಮಸ್ಕಾರ ಅಂದ್ರೂ ನೆಲ ನೋಡೋನು.”

“ಯಾರು ಅಂತ ಕೇಳ್ಲಿಲ್ವಾ?”

“ಅಯ್ಯೋ, ಅದನ್ನೆಲ್ಲಾ ಕೇಳಕ್ಕಾಗುತ್ತಾ. ಬೂದು ಟೊಪ್ಪಿ.”

ಈಸಲ್ಮಿಯ ಅರ್ಧ ಮುದುಕರದ್ದು ಬೂದು ಟೊಪ್ಪಿ. ಐಲಾ ವಾಪಸ್ಸು ಬಂದು ಸೈಕಲ್ ಗೋಡೆಗೆ ಒರಗಿಸುತ್ತಿದ್ದಾಗ ಬೇಲಿಯಾಚೆಯಿಂದ ಸುಲೊನ ಹೆಂಡತಿ ಇರ್ಮ ಕೂಗಿದಳು. ಇರ್ಮ ಕರಾವಳಿಯ ಕಡೆಯವಳು, ನಲವತ್ತು ವರ್ಷ ಇಲ್ಲಿದ್ದರೂ ಮನಸ್ಸಿನಲ್ಲಿದ್ದದ್ದನ್ನು ಬಾಯಲ್ಲಿ ಹೇಳುವ ಚಾಳಿ ಬಿಟ್ಟಿರಲಿಲ್ಲ.

“ಐಲಾ, ನಿನ್ನ ಗಂಡನ ಸಾಮಾನು ನನ್ನ ಶೆಡ್ಡಿಂದ ತಗೊಂಡು ಹೋಗ್ತೀಯೋ ಇಲ್ವೋ, ಇವತ್ತು ಹೇಳಿಬಿಡು.”

“ಯಾವ ಸಾಮಾನು?”

“ಯಾವ ಸಾಮಾನಾ? ಬಾ, ನೀನೇ ನೋಡು ಬಾ. ಒಳಗೆ ನನ್ನ ಸೈಕಲ್ ಎಲ್ಲಿದೆ ಅಂತ ತೋರ್ಸಿದ್ರೆ ಇಡೀ ಕೇಕು ಮಾಡಿ ಕೊಡ್ತೀನಿ.”

ಶೆಡ್ಡಿನ ಬಾಗಿಲು ಪೂರ್ತಿ ತೆರೆಯುತ್ತಿರಲಿಲ್ಲ. ಐಲಾ ಅಭ್ಯಾಸಬಲದಿಂದ ಅಡ್ಡವಾಗಿ ಒಳಗೆ ಹೋದಳು. ಎರಡೂ ಕಡೆ ಸೂರಿನವರೆಗೆ ಐಸ್‌ಕ್ರೀಂ ಡಬ್ಬಿಗಳು, ಚೀಟಿಗಳು ಹೊರಗೆ ಕಾಣುವ ಹಾಗೆ, ತನ್ನ ಮನೆಯಲ್ಲಿ ಯಾವ ಸಾಲಿನಲ್ಲಿ ಇದ್ದವೋ ಅದೇ ಸಾಲಿನಲ್ಲಿ ನಿಂತಿದ್ದವು. ಜೋಡಿ ಕೀಲು, ಒಂಟಿ ಕೀಲು, ಯಾವುದರದ್ದೋ ಕೀಲಿಕೈ. ಮೂಲೆಯಲ್ಲಿ ಸುಲೊ ಟೊಪ್ಪಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದ.

“ಇದೆಲ್ಲಾ ನೀನಾ ಕೊಂಡಿದ್ದು?”

“ಎಲ್ಲಾ ಅಲ್ಲ. ರೇಡಿಯೋಗಳನ್ನ ಯಾರೋ ನನಗಿಂತ ಮುಂಚೆ ಹೊಡ್ಕೊಂಡು ಹೋದ್ರು.”

“ಯಾಕೆ?”

ಸುಲೊ ಟೊಪ್ಪಿಯ ಅಂಚನ್ನು ಒಂದು ಸುತ್ತು ತಿರುಗಿಸಿದ. “ಕಂಡೋರ ಪಾಲಾಗೋದು ನೋಡಕ್ಕಾಗ್ಲಿಲ್ಲ.”

“ಹಾಗಿದ್ರೆ ಹೇಳ್ಬೇಕಿತ್ತು. ಗಾಡಿಗೆ ತುಂಬಿದ್ದು ನೀನೇ ಅಲ್ವಾ.”

“ನೀನು ಕೇಳ್ಲಿಲ್ಲ.”

“ನೀನೂ ಕೇಳ್ಲಿಲ್ಲ.”

“ನನ್ನನ್ನಂತೂ ಇಬ್ರೂ ಕೇಳ್ಲಿಲ್ಲ,” ಎಂದಳು ಬಾಗಿಲಲ್ಲಿ ನಿಂತ ಇರ್ಮ. “ಎಲ್ಲಾ ತಗೊಂಡು ಹೋಗು ತಾಯಿ, ಪುಣ್ಯ ಬರುತ್ತೆ.”

ಐಲಾ ಎಲ್ಲವನ್ನೂ ತೆಗೆದುಕೊಳ್ಳಲಿಲ್ಲ. ತೊಂಬತ್ತು ಸೆಂಟಿಮೀಟರು ಬೇಕೇಬೇಕಿತ್ತಲ್ಲ. ನೀಲಿ ಬಿಸ್ಕತ್ತು ಡಬ್ಬಿಯೊಂದನ್ನು ಮಾತ್ರ ಎದೆಗೆ ಅವಚಿಕೊಂಡು ಬಂದಳು. ಎರಡು ಯೂರೊ ಚೀಟಿ ಇನ್ನೂ ಅದರ ಮೇಲಿತ್ತು. ಉಳಿದದ್ದು ಇನ್ನೂ ಸುಲೊನ ಶೆಡ್ಡಿನಲ್ಲೇ ಇದೆ, ಇರ್ಮ ಇನ್ನೂ ಅದರ ಮಾತೆತ್ತುತ್ತಾಳೆ.

ಡಬ್ಬಿಯನ್ನು ಮೇಜಿನ ಮೇಲಿಟ್ಟು ಮುಚ್ಚಳ ತೆಗೆದಳು. ತೊಳೆದ ಎಂಟು ಮೊಸರಿನ ಲೋಟಗಳನ್ನು ಸಾಲಾಗಿ ಜೋಡಿಸಿದಳು. ರೌನೊನ ಕುರ್ಚಿಯನ್ನು ಹತ್ತಿರ ತಳ್ಳಿ, ಬಟ್ಟೆ ಒಣಹಾಕಲು ಹೋದಳು. ಬಂದು ನೋಡಿದಾಗ ಎಡಗೈ ಡಬ್ಬಿಯ ಒಳಗಿತ್ತು. ಒಂದು ನಟ್ಟು ತೆಗೆದ. ಹೆಬ್ಬೆರಳಿನಲ್ಲಿ ಹೊರಳಿಸಿದ. ಎಷ್ಟೋ ಹೊತ್ತು ಹೊರಳಿಸುತ್ತಲೇ ಇದ್ದ, ಆಮೇಲೆ ಎರಡನೆಯ ಲೋಟಕ್ಕೆ ಹಾಕಿದ. ಇನ್ನೊಂದು ತೆಗೆದು ಐದನೆಯದಕ್ಕೆ ಹಾಕಿದ. ಸಂಜೆಯವರೆಗೆ ಇಪ್ಪತ್ತಮೂರು. ಅವನು ಮಲಗಿದಾಗ ಐಲಾ ಲೋಟಗಳನ್ನು ಬಗ್ಗಿಸಿ ನೋಡಿದಳು. ಒಂದೊಂದರಲ್ಲೂ ಒಂದೊಂದೇ ಅಳತೆ, ಒಂದೂ ತಪ್ಪಿರಲಿಲ್ಲ.

ದಿನ ಕಳೆದಂತೆ ಕೈ ಚುರುಕಾಯಿತು. ಇಪ್ಪತ್ತಮೂರು ಅರವತ್ತಾಯಿತು, ನೂರು ದಾಟಿತು. ಊಟಕ್ಕೆ ಕರೆದರೆ ತಲೆ ಅಲ್ಲಾಡಿಸಿ, ಕೈಯಲ್ಲಿದ್ದ ಬೋಲ್ಟು ಮುಗಿಸಿಯೇ ತಿರುಗುತ್ತಿದ್ದ. ಚಮಚವನ್ನೂ ಅದೇ ಕೈಯಲ್ಲಿ ಹಿಡಿಯತೊಡಗಿದ. ಐಲಾ ನೋಡುತ್ತಿದ್ದಳು. ಒಳ್ಳೆಯದಾಯಿತು ಎಂದು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದಳು, ಆದರೆ ಹೇಳಿಕೊಂಡಷ್ಟೇ.

ಹಬ್ಬಕ್ಕೆ ಎರಡು ದಿನ ಇರುವಾಗ ಡಬ್ಬಿ ಖಾಲಿಯಾಯಿತು. ಪುರುಸೊತ್ತಾದಾಗ ಮಾಡುತ್ತೇನೆ ಎಂದಿದ್ದ ಕೆಲಸ ಮುಗಿದೇ ಹೋಯಿತು. ಮರುದಿನ ಬೆಳಿಗ್ಗೆ ರೌನೊ ಖಾಲಿ ಡಬ್ಬಿಯ ತಳದ ಮೇಲೆ ಅಂಗೈ ಇಟ್ಟುಕೊಂಡು ಕೂತ. ಎಂಟು ಲೋಟ ತುಂಬಿ ನಿಂತಿದ್ದವು. ಮಧ್ಯಾಹ್ನದ ಹೊತ್ತಿಗೆ ಕೈ ಮತ್ತೆ ತೊಡೆಯ ಮೇಲೆ ಬಂತು, ಕಣ್ಣು ಗೋಡೆಯ ಚೌಕಕ್ಕೆ ಹೋಯಿತು. ಸಿನಿ ಬರಲು ಇನ್ನು ಐದೇ ದಿನ.

ಅವನು ಮಲಗಿದ ಮೇಲೆ ಐಲಾ ಮೇಜಿನ ಹತ್ತಿರ ನಿಂತಳು. ಒಂದು ಲೋಟ ಎತ್ತಿ ಡಬ್ಬಿಗೆ ಸುರಿದಳು. ಇನ್ನೊಂದು. ಇನ್ನೊಂದು. ಸದ್ದಾಗದಿರಲಿ ಎಂದು ಡಬ್ಬಿಯೊಳಗೆ ಟವೆ​ಲ್ಲು ಹಿಡಿದುಕೊಂಡೇ ಸುರಿದಳು. ಆಮೇಲೆ ಟವೆಲ್ಲು ಎಳೆದು, ಅಂಗಿಯ ತೋಳು ಮಡಿಸಿ, ಹಿಟ್ಟು ಕಲಸುವ ಹಾಗೆ ಎರಡೂ ಕೈಯಿಂದ ಬೆರೆಸಿದಳು. ಇಷ್ಟು ದಿನ ಬೇರೆ ಬೇರೆ ಮಾಡಿದ್ದೇ ಮಾಡಿದ್ದು, ಈಗ ಕೂಡಿಸುವುದಕ್ಕೆ ನಿಂತಿದ್ದಳು. ಗಂಡನಿಗೆ ಮೋಸ ಮಾಡುತ್ತಿದ್ದೇನೆ ಎಂದು ಅವಳಿಗೆ ಗೊತ್ತಿತ್ತು. ಕೈ ನಿಲ್ಲಲಿಲ್ಲ.

ತಲೆ ಎತ್ತಿದರೆ ತೆರೆದ ಬಾಗಿಲಾಚೆ ರೌನೊ ಮಂಚದ ಮೇಲಿಂದ ನೋಡುತ್ತಿದ್ದ. ಎಷ್ಟು ಹೊತ್ತಿನಿಂದ ಎಚ್ಚರವಿದ್ದನೋ.

ಐಲಾ ಕೈ ಒರೆಸಿಕೊಂಡು ಅವನನ್ನು ಎಬ್ಬಿಸಿ, ಕುರ್ಚಿಗೆ ಕೂರಿಸಿ, ಮೇಜಿನ ಹತ್ತಿರ ತಂದಳು. ಅವನು ಡಬ್ಬಿಯೊಳಗೆ ನೋಡಿದ. ಹತ್ತು ದಿನದ ಕೆಲಸ ಅಲ್ಲಿ ಮತ್ತೆ ರಾಶಿಯಾಗಿ ಬಿದ್ದಿತ್ತು.

“ನಿನ್ನ ಕೈಗೆ ಕೆಲಸ ಇಲ್ದಿದ್ರೆ ನಿನ್ನನ್ನ ಕರ್ಕೊಂಡು ಹೋಗ್ತಾರೆ,” ಎಂದಳು. “ನನಗೆ ಇನ್ನೇನೂ ತೋಚ್ಲಿಲ್ಲ. ಎಲ್ಲಾ ನಾನೇ ಮಾರಿಬಿಟ್ಟೆ. ನಿನ್ನನ್ನ ಕೇಳ್ದೆ ಮಾರಿಬಿಟ್ಟೆ.”

ರೌನೊ ಅವಳನ್ನು ನೋಡಿದ. ಆಮೇಲೆ ಮೇಜಿನಾಚೆ, ಕಿಟಕಿಯ ಕಟ್ಟೆಯ ಕಡೆ ನೋಡಿದ. ಅಲ್ಲಿ ಅವಸರದಲ್ಲಿ ಅವಳು ಎತ್ತಿಟ್ಟು ಮರೆತಿದ್ದ ಒಂದು ಲೋಟ ಉಳಿದಿತ್ತು, ಅತಿ ಸಣ್ಣ ವಾಷರುಗಳದ್ದು. ಅವನು ಎಡಗೈ ಚಾಚಿದ. ಎಟುಕಲಿಲ್ಲ, ಭುಜ ಮುಂದಕ್ಕೆ ತಂದು ಇನ್ನೊಮ್ಮೆ ಚಾಚಿದ. ಲೋಟ ಹಿಡಿದು, ಡಬ್ಬಿಯ ಮೇಲೆ ತಂದು, ತಾನೇ ಬಗ್ಗಿಸಿದ. ವಾಷರುಗಳು ಝಲ್ಲೆಂದು ರಾಶಿಗೆ ಬಿದ್ದವು. ಖಾಲಿ ಲೋಟವನ್ನು ಸಾಲಿನ ಕೊನೆಯಲ್ಲಿ ನೆಟ್ಟಗೆ ಇಟ್ಟ.

ಐಲಾ ಹೊರಗೆ ಹೋಗಿ ಇಳಿಜಾರಿನ ಹಲಗೆಯ ಮೇಲೆ ಕೂತಳು. ಜೋಮು ಬಿಡುವಾಗ ಮೊದಲು ಸೂಜಿ ಚುಚ್ಚಿದ ಹಾಗೆ ಆಗುತ್ತದೆ, ಕಾಲು ಊರಲಾಗುವುದಿಲ್ಲ. ಅವಳಿಗೆ ಹಾಗೇ ಆಯಿತು. ಮಾರಿದ ಒಂದೊಂದು ಡಬ್ಬಿಯೂ, ಹಿಮದಲ್ಲಿ ನಿಂತಿದ್ದ ಸಲಿಕೆಯೂ, ಸುತ್ತಿಟ್ಟ ಜಮಖಾನೆಗಳೂ ಒಟ್ಟಿಗೆ ಚುಚ್ಚಿದವು. ಬಾಯಿ ಮುಚ್ಚಿಕೊಳ್ಳದೆ ಅತ್ತಳು. ಬೇಲಿಯಾಚೆ, ರಾತ್ರಿಯಾದರೂ ಮುಳುಗದ ಜೂನಿನ ಬಿಸಿಲಿನಲ್ಲಿ, ಸುಲೊ ಹುಲ್ಲು ಕೊಯ್ಯುವ ಯಂತ್ರ ನಿಲ್ಲಿಸಿದ, ಅವಳ ಅಳು ಬೀದಿಗೆ ಕೇಳದಿರಲಿ ಎಂದು ಮತ್ತೆ ಶುರುಮಾಡಿದ.

ಹಬ್ಬ ಕಳೆದ ಮಂಗಳವಾರ ಸಿನಿ ಬಂದಳು. ಅಳತೆಗೋಲು ತಂದಿರಲಿಲ್ಲ. ಮೇಜಿನ ಪಕ್ಕ ಕೂತು, ಕಾಫಿ ಆರುವವರೆಗೆ ರೌನೊನ ಕೈಯನ್ನೇ ನೋಡಿದಳು. ಅವನು ಅವಳ ಕಡೆ ತಿರುಗಲಿಲ್ಲ, ಕೆಲಸದಲ್ಲಿದ್ದ. ಅವಳು ತನ್ನ ಹಾಳೆಯಲ್ಲಿ ಏನೋ ಬರೆದು ಪೆನ್ನಿನ ಮುಚ್ಚಳ ಹಾಕಿದಳು.

“ಇಲ್ಲೇ ಇರ್ಲಿ ಅವರು,” ಎಂದಳು. “ನಾನು ಹಾಗಂತಲೇ ಬರೆದಿದೀನಿ.” ಆಮೇಲೆ ಡಬ್ಬಿಯೊಳಗೆ ಇಣುಕಿದಳು. “ಅರ್ಧ ಮುಗಿದೇಹೋಯ್ತಲ್ಲ. ಪೂರ್ತಿ ವಿಂಗಡಿಸಿದ ಮೇಲೆ ಏನು ಮಾಡ್ತೀರಿ?”

ಐಲಾ ರೌನೊನ ಕಡೆ ನೋಡಿದಳು. ಅವನು ಒಂದು ಸ್ಕ್ರೂವನ್ನು ಬೆಳಕಿಗೆ ಹಿಡಿದಿದ್ದ.

“ಇಬ್ರೂ ಸೇರಿ ಕೆಡಿಸ್ತೀವಿ,” ಎಂದಳು.